ಎಕಂಬಾದಲ್ಲಿ ಮರುಪರೀಕ್ಷೆ

ಬೀದರ
25 ಆಗಸ್ಟ್ 2024, ಭಾನುವಾರ

ಪ್ರೀತಿಯ ಗ್ಲೋರಿಗೆ,

ಕರ್ತನ ದಯದಿಂದ ನಾನೂ ಡೇವಿಡರೂ ನೆಟ್ಟಗಿದ್ದೇವೆ. ಕೋಲಾರದಲ್ಲಿ ನೀನೂ ನಿನ್ನ ನರ್ಸಿಂಗ್ ಹುಡುಗಿಯರೂ ಹಾಗೇ ಇರಲಿ ಎಂದು ಬೆಳಗಿನ ಆರಾಧನೆಯಲ್ಲಿ ಬೇಡಿಕೊಂಡು ಬಂದು ಈ ಪತ್ರಕ್ಕೆ ಕೂತಿದ್ದೇನೆ. ಮೇ ತಿಂಗಳ ಪತ್ರಕ್ಕೆ ಆಗಸ್ಟಿನಲ್ಲಿ ಉತ್ತರ ಬರೆಯುವವಳಿಗೆ ಏನೇನು ಅನ್ನಬೇಕೋ ಅದನ್ನೆಲ್ಲ ನೀನು ಈಗಾಗಲೇ ಅಂದಿರುತ್ತೀ. ಬೈಗುಳ ಬಂದು ಮುಟ್ಟಿತು, ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನೀನು ವಾರ್ಡಿನ ನಡುವೆ ನಿಂತು ಮಾತಾಡುತ್ತೀ, ಅತ್ತ ಯಾರು ಕಿವಿಗೊಟ್ಟಿದ್ದಾರೋ ಗೊತ್ತಾಗುವುದಿಲ್ಲ. ಕಾಗದವಾದರೆ ಲಕೋಟೆ ಯಾರಾದರೂ ಬಿಚ್ಚಿದ್ದರೆ ಕಾಣುತ್ತದೆ. ನಗಬೇಡ.

ಮನೆಯ ಸುದ್ದಿ ಹೇಳಿ ಮುಗಿಸುತ್ತೇನೆ. ನಮ್ಮ ಯಜಮಾನರ ಶುಗರ್ ಏರಿದೆ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತಾರೆ, ಆದರೆ ಡಬ್ಬಿಯಲ್ಲಿ ಸಕ್ಕರೆ ಇಳಿಯುತ್ತಲೇ ಇದೆ. ಹೊರಗಿನಿಂದ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟೆ. ಮರುದಿನವೇ ಕಣ್ಣಿಗೆ ಬಿತ್ತು ಅವರಿಗೆ. "ತಾ ಕಳ್ಳ ಪರರ ನಂಬ ಅಂತಾರ ನೋಡು ಸುಸನ್ನಾ, ನೀ ಏನ್ ಕದ್ದೀ ಹೇಳು ಮೊದಲ" ಎಂದು ಗಂಟಲು ಬಿಚ್ಚಿ ನಕ್ಕರು. ನಾನು ಮೊಸರಲ್ಲಿ ಕಲ್ಲು ಹುಡುಕುವವಳು ಎಂಬುದು ನಮ್ಮ ಓಣಿಗೇ ಗೊತ್ತು. ಏನು ಮಾಡಲಿ, ಕೆಲವು ಸಲ ಕಲ್ಲು ಸಿಗುತ್ತದೆ.

ಈಗ ಕಾಲೇಜಿನ ಮಾತು. ಇಷ್ಟು ದಿನ ಬರೆಯದೇ ಇದ್ದುದಕ್ಕೂ ಈಗ ಬರೆಯಲು ಕೂತದ್ದಕ್ಕೂ ಅದೇ ಕಾರಣ. ನೀನು ಎರಡನೇ ವರ್ಷಕ್ಕೆ ಈ ಓದು ಬಿಟ್ಟು ನರ್ಸಿಂಗಿಗೆ ಹೋದವಳು, ಆದರೂ ಸ್ಪೀಚ್ ಥೆರಪಿಯ ಒಳಸುಳಿ ನಿನಗಲ್ಲದೆ ಯಾರಿಗೆ ಹೇಳಲಿ?

ನಮ್ಮ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಹನ್ನೊಂದು ಮಕ್ಕಳಿದ್ದಾರೆ. ಅವರು ಏನು ಕಲಿತಿದ್ದಾರೆಂದು ತಿಳಿಯುವುದು ಹೇಗೆ? ಪ್ರಶ್ನೆಪತ್ರಿಕೆಗೆ ಉತ್ತರ ಬಾಯಿಪಾಠ ಮಾಡಬಹುದು, ರೋಗಿಯ ಬಾಯಿಯನ್ನು ಬಾಯಿಪಾಠ ಮಾಡಲಾಗುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಹತ್ತು ರೋಗಿಗಳು. ಚಿಕಿತ್ಸೆ ಶುರುವಾಗುವ ದಿನ ಒಂದು ಫಾರಂ, ಮುಗಿಯುವ ದಿನ ಅದೇ ಫಾರಂ. ಅರವತ್ತು ಅಂಕ. ಚಿತ್ರ ನೋಡಿ ಹೆಸರು ಹೇಳುವುದು, ಎಣಿಸುವುದು, ಮನೆಯವರ ಹೆಸರು ಹೇಳುವುದು, ಹೀಗೆ. ಆದರೆ ಫಾರಂ ತುಂಬುವವರು ಮಕ್ಕಳೇ ಅಲ್ಲವೇ? ಆದ್ದರಿಂದ ಹೋದ ವರ್ಷ ನಾನೇ ಒಂದು ನಿಯಮ ತಂದೆ. ಹತ್ತು ರೋಗಿಗಳಲ್ಲಿ ಒಬ್ಬರನ್ನು ಆರಿಸಿ, ಮೊದಲೇ ತಿಳಿಸದೆ ಹೋಗಿ, ಶಿಕ್ಷಕರೇ ಮರುಪರೀಕ್ಷೆ ಮಾಡುವುದು. ಆಗ ವಿದ್ಯಾರ್ಥಿ ಒಳಗಿರಬಾರದು, ಮನೆಯವರೂ ಇರಬಾರದು, ರೋಗಿಯ ವಿಷಯ ವಿದ್ಯಾರ್ಥಿ ಒಂದಕ್ಷರವೂ ಹೇಳಬಾರದು. ಐದು ಅಂಕಕ್ಕಿಂತ ಹೆಚ್ಚು ಇಳಿದರೆ ಕಾಗದ ಸಮಿತಿಗೆ ಹೋಗುತ್ತದೆ. ದಾಖಲೆ ಸುಳ್ಳೆಂದು ಸಮಿತಿ ಹೇಳಿದರೆ ವರ್ಷ ಹೋಯಿತು, ಹೆಸರೂ ಹೋಯಿತು. ಮಕ್ಕಳು ಇದಕ್ಕೆ 'ಸುಸನ್ನಾ ಮೇಡಂ ರೇಡ್' ಎನ್ನುತ್ತಾರಂತೆ. ಅನ್ನಲಿ.

ಈ ಸಲ ನನ್ನ ಕಣ್ಣು ಬಿದ್ದಿರುವುದು ಉಜ್ವಲಾ ಎಂಬ ಹುಡುಗಿಯ ಮೇಲೆ. ಭಾಲ್ಕಿಯವಳು, ಬೌದ್ಧರ ಮನೆತನ, ಇಷ್ಟು ಓದಿದವರು ಆ ಮನೆಯಲ್ಲಿ ಇವಳೇ ಮೊದಲು. ಮಾತು ಕಡಿಮೆ, ವೇಳೆಗೆ ಸರಿಯಾಗಿ ಬರುತ್ತಾಳೆ, ಅಕ್ಷರ ಮುತ್ತಿನಂಥದ್ದು. ಅಷ್ಟು ಚೊಕ್ಕವಾದದ್ದು ನನಗೆ ಎಂದೂ ಸೇರುವುದಿಲ್ಲ.

ಅವಳ ರೋಗಿ ಒಬ್ಬರು ಔರಾದ ತಾಲೂಕು ಎಕಂಬಾದ ಕೇಶರಬಾಯಿ. ಅರವತ್ನಾಲ್ಕು ವಯಸ್ಸು, ಒಕ್ಕಲುತನದ ಮನೆ. ಚಳಿಗಾಲದಲ್ಲಿ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ಜೂನ್ ತಿಂಗಳ ಫಾರಂನಲ್ಲಿ ಇಪ್ಪತ್ತು ಚಿತ್ರಗಳಲ್ಲಿ ಒಂದರ ಹೆಸರೂ ಇಲ್ಲ. ಹತ್ತು ವಾರಗಳ ಮೇಲೆ ಹನ್ನೊಂದು ಚಿತ್ರ! ಮನೆಯವರ ಹೆಸರಂತೂ ಪೂರ್ತಿ ಅಂಕ. ಗಂಡನ ಹೆಸರಿನ ಮುಂದೆ ಹುಡುಗಿ ಬರೆದಿದ್ದಾಳೆ: 'ನೇರವಾಗಿ ಹೇಳಲು ನಾಚಿದರು. ಒಡಪಿನಲ್ಲಿ ಹೇಳಿದರು.' ಕೆಳಗೆ ಆ ಒಡಪೂ ಇದೆ:

ತಾಟಿನ್ಯಾಗ ಹೋಳಗಿ, ವಾಟಿನ್ಯಾಗ ತುಪ್ಪ,
ಮಾಣಿಕರಾಯರು ಬರೂತನಕ ನಾ ಉಣ್ಣೂದಿಲ್ಲಪ್ಪ.

ಹಳ್ಳಿಯ ಹೆಂಗಸರು ಗಂಡನ ಹೆಸರನ್ನು ಹೀಗೆ ಪ್ರಾಸದೊಳಗೆ ಬಚ್ಚಿಟ್ಟು ಹೇಳುತ್ತಾರೆಂಬುದು ನನಗೂ ಗೊತ್ತು. ಲಕ್ವಾ ಆದವರಲ್ಲಿ ಮಾತು ಸತ್ತರೂ ಹಾಡು ಉಳಿದಿರುತ್ತದೆಂಬುದೂ ಗೊತ್ತು. ಅದೇ ನೋಡು, ಪುಸ್ತಕದಲ್ಲಿ ಓದಿ ಕಟ್ಟಿದ ಹಾಗೆ ಸರಿಯಾಗಿದೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಗ್ಲೋರಿ.

ಪ್ರತಿ ಭೇಟಿಯ ಧ್ವನಿಮುದ್ರಣ ಇರಬೇಕು. ಒಂಬತ್ತು ಇವೆ. ಒಡಪಿನ ದಿನದ್ದೇ ಇಲ್ಲ. ಕರೆಸಿ ಕೇಳಿದೆ.

"ಅವರ ಮನಿಯವ್ರು ಬ್ಯಾಡ ಅಂದ್ರರಿ ಮೇಡಂ" ಎಂದಳು.

"ಯಾರು ಬ್ಯಾಡ ಅಂದವ್ರು?"

"ಗಂಡ ಮಾಣಿಕರಾವ ಅವ್ರರಿ. 'ಇಷ್ಟು ದಿನದ ಮ್ಯಾಲ ಆಕಿ ಬಾಯಾಗ ನನ್ನ ಹೆಸರು ಬಂದದ, ಅದನ್ನ ಮೊಬೈಲಿನ್ಯಾಗ ಯಾಕ ತುಂಬ್ತಿ ತಂಗಿ, ನನ್ನ ಕಿವ್ಯಾಗ ಇರ್ಲಿ' ಅಂದ್ರು."

ಎಷ್ಟು ಸೊಗಸಾದ ಉತ್ತರ ನೋಡು. ಸೊಗಸಾದ ಉತ್ತರ ಕೇಳಿದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಅಲ್ಲಿಗೆ ಬಿಡಲಿಲ್ಲ. ಆ ಭೇಟಿ ಆಗಸ್ಟ್ ಹದಿನಾಲ್ಕರದು ಎಂದು ಬರೆದಿದ್ದಾಳೆ. ಬಸ್ ಸ್ಟ್ಯಾಂಡಿಗೆ ಹೋಗಿ ಎಕಂಬಾ ಬಸ್ಸಿನ ಕಂಡಕ್ಟರ್ ಚಾಂದ ಪಾಶಾನನ್ನು ಹಿಡಿದೆ. ಆತ ತಲೆ ಕೆರೆದುಕೊಂಡು, "ಹದ್ನಾಕಕ್ಕಾ? ಅವತ್ತ ಗಾಡಿ ಔರಾದ ಸ್ಟ್ಯಾಂಡಿನ್ಯಾಗೇ ಖರಾಬ ಆಗಿ ನಿಂತಿತ್ತಲ್ರಿ ಅಮ್ಮಾ. ಎಕಂಬಾ ತನಕ ಹೋಗೇ ಇಲ್ಲ" ಎಂದ. ಬಸ್ಸೇ ಹೋಗದ ಊರಿಗೆ ಹುಡುಗಿ ಹೇಗೆ ಹೋದಳು? ಹಾರಿಕೊಂಡು ಹೋದಳೇ?

ಆ ಹತ್ತು ಫೈಲುಗಳಲ್ಲಿ ನಾನು ಯಾವುದನ್ನು ಆರಿಸಿದೆ ಎಂದು ನಿನಗೆ ಹೇಳಬೇಕಾಗಿಲ್ಲ. ನಿನಗೆ ಏನನ್ನಿಸುತ್ತದೆ ಬರೆ.

ನಿನ್ನ
ಸುಸನ್ನಾ


ಬೀದರ
13 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಗ್ಲೋರಿಗೆ,

ನಿನ್ನ ಪತ್ರ ಬಂದು ಒಂದು ತಿಂಗಳಾಯಿತು. ಈ ಸಲ ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ, ಕೆಲಸ ಮುಗಿಸಿಯೇ ಬರೆಯೋಣ ಎಂದು ಕಾದೆ. ನಿನ್ನ ಮಂಡಿನೋವು ಕಡಿಮೆಯಾಗಿರಲಿ. ಡೇವಿಡರು ಸಕ್ಕರೆ ಡಬ್ಬಿಯನ್ನೇ ಬದಲಿಸಿ ಸ್ಟೀಲಿನದು ತಂದಿದ್ದಾರೆ, ಗೆರೆ ಎಳೆಯಲಾಗದ್ದು.

ನೀನು ಬರೆದಿದ್ದೆ: 'ಆ ಹುಡುಗಿಯನ್ನು ಒಮ್ಮೆ ಕೇಳು ಸುಸನ್ನಾ. ಫೈಲ್ ಮುಂದಿಟ್ಟುಕೊಂಡು ಕೇಳಬೇಡ, ಚಹಾ ಕೊಟ್ಟು ಕೂಡಿಸಿಕೊಂಡು ಕೇಳು. ನನ್ನನ್ನು ಯಾರೂ ಕೇಳಲಿಲ್ಲ.' ಕೊನೆಯ ಸಾಲು ಓದಿ ಪತ್ರ ಮಡಿಸಿಟ್ಟೆ. ಆ ಹಳೆಯ ಮಾತು ಇದಕ್ಕೆ ತರಬೇಡ. ನಿನ್ನ ಕಥೆ ಬೇರೆ, ಇವಳ ಕಥೆ ಬೇರೆ. ಚಹಾ ಕೊಟ್ಟು ಕೇಳಿದರೆ ಕಳ್ಳರೂ ಚಹಾ ಕುಡಿದು ಕತೆ ಹೇಳುತ್ತಾರೆ.

ಹೋದ ಮಂಗಳವಾರ, ಎಂಟನೇ ತಾರೀಖು, ಎಕಂಬಾಕ್ಕೆ ಹೋಗಿ ಬಂದೆ. ಬೆಳಿಗ್ಗೆ ಒಂಬತ್ತಕ್ಕೆ ಉಜ್ವಲಾಳನ್ನು ಕರೆದು ಕಾಲೇಜಿನ ಜೀಪು ಹತ್ತು ಎಂದೆ, ಎಲ್ಲಿಗೆ ಎಂದು ಹೇಳಲಿಲ್ಲ. ಫೋನ್ ಇಸಿದುಕೊಂಡೆ. ಔರಾದ ದಾಟಿ ಎಕಂಬಾ ರಸ್ತೆಗೆ ತಿರುಗಿದಾಗ ಹುಡುಗಿಯ ಮುಖ ಬಿಳುಚಿತು. ನಾನು ಅದನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಮೇಡಂ, ಇವತ್ತ ಬ್ಯಾಡ್ರಿ. ಒಂದ್ ಮಾತು ಹೇಳೂದದ್ರಿ" ಎಂದಳು.

"ನೀ ಏನೂ ಹೇಳಬ್ಯಾಡ. ಹೇಳೂದು ಫಾರಂ ಹೇಳ್ತದ."

"ಫಾರಂದು ಅಲ್ರಿ ಮೇಡಂ, ಅವರ ಮನ್ಯಾಗ—"

"ಉಜ್ವಲಾ, ನಿಯಮ ಗೊತ್ತದ ಇಲ್ಲ ನಿನಗ? ಇನ್ನೊಂದು ಮಾತು ಆಡಿದ್ರ ಅದನ್ನೂ ಬರಕೊಳ್ಳಬೇಕಾಗ್ತದ."

ಅವಳನ್ನು ಜೀಪಿನಲ್ಲೇ ಕೂಡಿಸಿ, ಡ್ರೈವರ್ ಹುಸೇನನಿಗೆ ಇಳಿಯಲು ಬಿಡಬೇಡ ಎಂದು ಹೇಳಿ ಒಳಗೆ ಹೋದೆ.

ಆ ಮನೆ ನನಗೆ ಕಾಲಿಟ್ಟ ಗಳಿಗೆಯಿಂದಲೇ ಸರಿ ಕಾಣಲಿಲ್ಲ. ದಸರೆಯ ದಿನಗಳು, ಆದರೆ ಮನೆಗೆ ಸುಣ್ಣವಿಲ್ಲ, ಹಬ್ಬದ ಗದ್ದಲವಿಲ್ಲ. ಟಿ.ವಿ.ಯ ಮೇಲೆ ಬಟ್ಟೆ ಮುಚ್ಚಿತ್ತು. ಸೊಸೆ ಬಂದಳು. ಕಾಲೇಜಿನವಳು ಎಂದ ಕೂಡಲೇ ನೆಲ ನೋಡುತ್ತ, "ಮನ್ಯಾಗ ಗಂಡಸ್ರಿಲ್ರಿ, ಹೊಲಕ್ಕ ಹೋಗ್ಯಾರ. ಇನ್ನೊಮ್ಮಿ ಬರ್ರಿ" ಎಂದಳು. ಯಾರೋ ಹೇಳಿಕೊಟ್ಟ ಹಾಗಿತ್ತು. ಅರ್ಧ ತಾಸಿನ ಕೆಲಸ ಎಂದು ಅವಳನ್ನು ಹೊರಗೆ ಕಳಿಸಿ ಪಡಸಾಲೆಯ ಬಾಗಿಲು ಮುಂದೆ ಮಾಡಿದೆ.

ಕೇಶರಬಾಯಿ ಹೊರಸಿನ ಮೇಲೆ ಕೂತಿದ್ದರು. ಚಿತ್ರಗಳಿಂದ ಶುರುಮಾಡಿದೆ. ಒಂಬತ್ತು ಹೇಳಿದರು. ನಿಧಾನ, ಆದರೆ ಹೇಳಿದರು. ಒಂದರಿಂದ ಹತ್ತರವರೆಗೆ ಎಣಿಸಿದರು. ಮಗನ ಹೆಸರು ಕೇಳಿದೆ, "ಕಾ... ಕಾಶೀರಾಮ" ಎಂದರು. ನನ್ನ ಮನಸ್ಸೂ ಸ್ವಲ್ಪ ಅಳ್ಳಾಡಿತು, ಸುಳ್ಳೇಕೆ ಹೇಳಲಿ. ಆಮೇಲೆ ಫಾರಂನಲ್ಲಿದ್ದ ಮುಂದಿನ ಪ್ರಶ್ನೆ ಕೇಳಿದೆ: ನಿಮ್ಮ ಗಂಡನ ಹೆಸರೇನು?

ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಾದೆ. ಒಡಪಿನಲ್ಲಿ ಹೇಳಿದ್ದರಲ್ಲ, ಅದೂ ಆಗಲಿ ಎಂದು ನಾನೇ ಎತ್ತಿಕೊಟ್ಟೆ: "ತಾಟಿನ್ಯಾಗ ಹೋಳಗಿ, ವಾಟಿನ್ಯಾಗ ತುಪ್ಪ... ಹೇಳ್ರಿ, ಮುಂದ?"

ಅವರ ಗಂಟಲಿನಿಂದ ಏನೋ ಒಂದು ಸದ್ದು ಬಂತು, ಅದು ಮಾತಲ್ಲ. ಸೆರಗನ್ನು ತಲೆಯಿಂದ ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ನಾನು ಇನ್ನೊಮ್ಮೆ ಹೇಳಿದೆ, ಇನ್ನೂ ಒಂದು ಸಲ. ನಿಯಮದಲ್ಲಿ ಮೂರು ಅವಕಾಶವಿದೆ. ಆಮೇಲೆ ಯಾವ ಪ್ರಶ್ನೆಗೂ ತಿರುಗಲಿಲ್ಲ. ಉಳಿದದ್ದಕ್ಕೆಲ್ಲ ಸೊನ್ನೆ ಹಾಕಿದೆ. ಐದಕ್ಕಿಂತ ಹೆಚ್ಚು ಅಂಕ ಇಳಿದರೆ ಸಾಕು ಎಂದು ನಿಯಮ, ಇಲ್ಲಿ ಇಪ್ಪತ್ತೆರಡು ಇಳಿದಿತ್ತು. ಎತ್ತಿಕೊಟ್ಟರೂ ಬಾರದ ಒಡಪು ಎಂಥ ಒಡಪು? ಒಂದಿಷ್ಟು ಚಿತ್ರ ಗಿಣಿಪಾಠ ಮಾಡಿಸಿ ಉಳಿದದ್ದನ್ನು ಹುಡುಗಿ ಭಾಲ್ಕಿಯ ಮನೆಯಲ್ಲಿ ಕೂತು ತುಂಬಿದ್ದಾಳೆ.

ಹೊರಗೆ ಬಂದರೆ ಉಜ್ವಲಾ ಜೀಪಿನಲ್ಲಿ ಅಳುತ್ತಿದ್ದಳು. ಬೀದರದವರೆಗೂ ಅತ್ತಳು, ಬಾಯಿ ಬಿಡಲಿಲ್ಲ. ತಪ್ಪು ಮಾಡದವರು ಜಗಳ ಮಾಡುತ್ತಾರೆ, ಅಳುವುದಿಲ್ಲ ಎಂದುಕೊಂಡೆ.

ವರದಿ ಬರೆದುಕೊಟ್ಟೆ. ನಮ್ಮ ವಿದ್ಯಾರ್ಥಿಗಳ ಕಲಿಕೆ ಅಳೆಯುವ ಹಾಳೆಯಲ್ಲಿ ಒಂಬತ್ತು ಸಾಲುಗಳಿವೆ, ಕೊನೆಯದು 'ಪ್ರಾಮಾಣಿಕತೆ'. ಅಲ್ಲಿ ಸೊನ್ನೆ ಹಾಕಿದರೆ ಉಳಿದ ಎಂಟಕ್ಕೆ ಬೆಲೆಯಿಲ್ಲ. ಹಾಕಿದೆ. ಸಮಿತಿಯ ಅಧ್ಯಕ್ಷರಾದ ಫಕ್ರೋದ್ದೀನ ಸರ್ ಓದಿ ಕನ್ನಡಕ ತೆಗೆದಿಟ್ಟರು. "ಮೇಡಂ, ಹುಡುಗಿಗಿ ಒಂದ್ ಮಾತು ಕೇಳೀರೇನು?" ಎಂದರು. ನೀನೂ ಅದೇ ಕೇಳುತ್ತೀ, ಅವರೂ ಅದೇ ಕೇಳುತ್ತಾರೆ! ಕೇಳುವುದು ಸಮಿತಿಯ ಕೆಲಸ, ಅವಳು ಬರವಣಿಗೆಯಲ್ಲಿ ಕೊಡಬೇಕು, ದೂರು ಕೊಟ್ಟ ನಾನು ಅದನ್ನು ನೋಡುವ ಹಾಗಿಲ್ಲ ಎಂದೆ. ಹದಿನೈದು ದಿನ ಕೊಟ್ಟಿದ್ದಾರೆ. ಡಿಸೆಂಬರ್ ಹದಿನಾರರ ಕೊನೆಯ ಪರೀಕ್ಷೆಗೆ ಅವಳ ಹಾಲ್ ಟಿಕೆಟ್ ತಡೆದಿದ್ದಾರೆ.

ಡೇವಿಡರು ನನ್ನ ಜೊತೆ ಎರಡು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ನೀನಾದರೂ ಬರೆ.

ನಿನ್ನ
ಸುಸನ್ನಾ


ಬೀದರ
1 ಡಿಸೆಂಬರ್ 2024, ಭಾನುವಾರ

ನನ್ನ ಗ್ಲೋರಿಗೆ,

ಇಂದು ಕ್ರಿಸ್ತನ ಆಗಮನಕಾಲದ ಮೊದಲ ಭಾನುವಾರ. ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವ ಸರದಿ ನನ್ನದಿತ್ತು, ಬೇರೆಯವರಿಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತು ಬಂದೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ. ನಾಚಿಕೆಯಾಗಿ ಬರೆಯಲಿಲ್ಲ ಗ್ಲೋರಿ. ಕ್ಷಮಿಸು ಎಂಬ ಮಾತನ್ನು ಇಷ್ಟು ವರ್ಷ ಪತ್ರದ ಮೇಲೆ ಅಂಚೆಚೀಟಿ ಅಂಟಿಸಿದ ಹಾಗೆ ಅಂಟಿಸುತ್ತ ಬಂದೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ನವೆಂಬರ್ ಹದಿನೆಂಟಕ್ಕೆ, ಸೋಮವಾರ, ಕಾಲೇಜಿಗೆ ಒಬ್ಬ ರೈತ ಬಂದ. ನಲವತ್ತರ ಆಸುಪಾಸು, ತಲೆ ಬೋಳಿಸಿ ಕೂದಲು ಇನ್ನೂ ಅರ್ಧ ಬೆರಳು ಬೆಳೆದಿತ್ತು. ಗಾಂಧಿ ಗಂಜ್ ಮಾರುಕಟ್ಟೆಗೆ ಸೋಯಾ ತಂದಿದ್ದನಂತೆ. ಲಾರಿ, ಹಮಾಲರ ಗದ್ದಲದಲ್ಲಿ ಸರದಿ ಬರಲು ಮಧ್ಯಾಹ್ನವಾಗುತ್ತದೆಂದು ಇತ್ತ ಬಂದಿದ್ದ. ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಸಣ್ಣ ಮೇಡಂ ಅವ್ರು ಇದ್ದಾರೇನ್ರಿ? ಉಜ್ವಲಾ ಮೇಡಂ?" ಎಂದ. ನೀವು ಯಾರು ಎಂದೆ.

"ನಾ ಎಕಂಬಾದವ್ರಿ, ಕಾಶೀರಾಮ. ಕೇಶರಬಾಯಿ ಮಗ. ಅವ್ರು ಎರಡು ತಿಂಗಳಾತು ಬಂದಿಲ್ಲ. ನಮ್ಮವ್ವ ಬಾಯೇ ತಗೀವಲ್ಲಳ್ರಿ."

ಕೂಡಿಸಿದೆ. ಆತ ಕುರ್ಚಿಯ ತುದಿಯಲ್ಲಿ ಕೂತ. ಈತನಿಗೂ ಯಾರಾದರೂ ಹೇಳಿಕೊಟ್ಟು ಕಳಿಸಿರಬಹುದೆಂದು ಆಗಲೂ ನನ್ನ ಮನಸ್ಸು ಅಂತು. ಅದಕ್ಕೇ ಬೇಕೆಂದೇ ಅಡ್ಡದಾರಿಯಿಂದ ಕೇಳಿದೆ: ಆಗಸ್ಟ್ ಹದಿನಾಲ್ಕಕ್ಕೆ ಉಜ್ವಲಾ ನಿಮ್ಮ ಮನೆಗೆ ಬಂದಿದ್ದಳೇ? ಬಸ್ಸಿರಲಿಲ್ಲವಲ್ಲ?

"ಬಸ್ ಔರಾದದಾಗ ಕೆಟ್ಟಿತ್ತಲ್ರಿ. ಫೋನ್ ಮಾಡಿದ್ರು, ನಾನೇ ಬೈಕ್ ಮ್ಯಾಲ ಕರಕೊಂಡು ಬಂದೆ. ಅವತ್ತೇ ನೋಡ್ರಿ, ನಮ್ಮವ್ವ ಒಡಪು ಹೇಳಿದ್ದು. ಅಪ್ಪಗ ಹುಚ್ಚು ಹಿಡದಂಗಾತು. ಓಣಿ ಮಂದೀನ್ನೆಲ್ಲ ಕರದು, ಇನ್ನೊಮ್ಮಿ ಹೇಳ, ಇನ್ನೊಮ್ಮಿ ಹೇಳ ಅಂತ ಹೇಳಸ್ದಾ. ಮೂರ್ ದಿನಾ ಮನ್ಯಾಗ ಹೋಳಗಿ ಮಾಡಸ್ಯಾನ್ರಿ. ಊಟಕ್ಕ ಬಾ ಅಂದ್ರ, ಮೊದಲ ಆಕಿ ಒಡಪು ಹೇಳ್ಲಿ, ಆಮ್ಯಾಲ ಕೂಡ್ತೀನಿ ಅಂತಿದ್ದ."

ನನ್ನ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟೆ. ಅಪ್ಪ ಈಗ ಹೇಗಿದ್ದಾರೆ ಎಂದೆ.

ಆತ ನನ್ನ ಮುಖವನ್ನೇ ನೋಡಿದ. "ಅಪ್ಪ ಇಲ್ಲಲ್ರಿ. ಸಪ್ಟೆಂಬರ್ ಇಪ್ಪತ್ತಕ್ಕ ಹೊಲದಾಗ ಎದಿ ಹಿಡಕೊಂಡು ಕೂತ, ಹೋಗೇಬಿಟ್ಟ. ನೀವೇ ಅಲ್ರಿ ಆವತ್ತ ಜೀಪಿನ್ಯಾಗ ಬಂದವ್ರು? ಅಪ್ಪ ತೀರಕೊಂಡು ಹದಿನೆಂಟು ದಿನಾ ಆಗಿತ್ತು. ಸಣ್ಣ ಮೇಡಂಗ ನಾ ಫೋನ್ ಮಾಡಿ ಹೇಳಿದ್ದೆ. ಅವ್ರು ನಿಮಗ ಹೇಳಿಲ್ರಿ?"

ಹೇಳಲು ನಾನು ಬಿಟ್ಟಿರಲಿಲ್ಲ.

ಗಂಡ ಸತ್ತ ಹೆಂಗಸು ಒಡಪು ಹೇಳುವುದಿಲ್ಲ ಗ್ಲೋರಿ. ಇದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮೂರು ಜನವಾಡದ ಮದುವೆಗಳಲ್ಲಿ ಹೆಂಗಸರು ಒಬ್ಬೊಬ್ಬರನ್ನೇ ಎಳೆದು ಒಡಪು ಹೇಳಿಸುವಾಗ ವಿಧವೆಯರು ತಾವೇ ಎದ್ದು ಒಳಗೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೇಶರಬಾಯಿಯ ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಬಳೆಯಿರಲಿಲ್ಲ. ಎದುರಿಗೆ ಅರ್ಧ ತಾಸು ಕೂತಿದ್ದೆ. ನಮ್ಮ ಮನೆಯ ಹೆಂಗಸರೆಲ್ಲ ಬರಿ ಹಣೆಯವರೇ, ನನ್ನ ಕಣ್ಣಿಗೆ ಆ ಹಣೆ ಬರಿದು ಅನ್ನಿಸಲೇ ಇಲ್ಲ. ಅದಾದರೂ ನೆಪ. ನಾನು ಅವರ ಮುಖವನ್ನು ನೋಡಿದ್ದರೆ ತಾನೇ ಹಣೆ ಕಾಣಬೇಕು? ಸುಳ್ಳು ಎಲ್ಲಿ ಸಿಗುತ್ತದೆಂದು ಫಾರಂ ನೋಡುತ್ತಿದ್ದೆ. ಹದಿನೆಂಟು ದಿನದ ವಿಧವೆಗೆ ಮೂರು ಸಲ ಆ ಹೋಳಿಗೆ ತುಪ್ಪದ ಒಡಪು ಎತ್ತಿಕೊಟ್ಟೆ. ನಿಯಮದಲ್ಲಿ ಮೂರು ಅವಕಾಶವಿತ್ತಲ್ಲ.

"ನೀವು ಹೋದ ದಿನದಿಂದ ಅವ್ವ ಒಂದು ಶಬ್ದ ಆಡಿಲ್ರಿ" ಎಂದ ಕಾಶೀರಾಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನು ಹೋದ ಮೇಲೆ ಫಕ್ರೋದ್ದೀನ ಸರ್ ಬಳಿ ಹೋದೆ. ಉಜ್ವಲಾಳ ಉತ್ತರವಾದರೂ ಓದಿದ್ದೀರಾ ಎಂದರೆ, ಅವಳು ಉತ್ತರವನ್ನೇ ಕೊಟ್ಟಿರಲಿಲ್ಲ! ಅಲ್ಲೇ ಕೂತು ನನ್ನ ವರದಿ ತಪ್ಪು ಎಂದು ಬರೆದುಕೊಟ್ಟೆ. ಏಕೆ ತಪ್ಪು, ಯಾರ ತಪ್ಪು, ಎಲ್ಲ ಬರೆದು ಸಹಿ ಹಾಕಿದೆ. ಮರುದಿನ ಡೇವಿಡರನ್ನು ಕರೆದುಕೊಂಡು ಭಾಲ್ಕಿಗೆ ಹೋದೆ.

ಉಜ್ವಲಾಳ ತಂದೆ ಬಾಗಿಲು ತೆರೆದರು, ಒಳಗೆ ಬನ್ನಿ ಎನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿ ಬಂದು ಗೋಡೆಗೆ ಒರಗಿ ನಿಂತಳು. ಸೊರಗಿದ್ದಳು. ನನ್ನದು ತಪ್ಪಾಯಿತು ಎಂದೆ. ಸಮಿತಿಗೆ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತಲ್ಲ, ಯಾಕೆ ಬರೆಯಲಿಲ್ಲ ಎಂದೂ ಕೇಳಿದೆ. ನೋಡು, ಆಗಲೂ ಪ್ರಶ್ನೆ ನನ್ನದೇ.

"ಏನಂತ ಬರೀಲ್ರಿ ಮೇಡಂ?" ಎಂದಳು. "ಕೇಶರಬಾಯಿ ಗಂಡ ಸತ್ತಾನ, ಅದಕ್ಕ ನನಗ ಮಾರ್ಕ್ಸ್ ಕೊಡ್ರಿ ಅಂತ ಬರೀಲೇನು? ಆ ಮನಿ ಸಾವು ನನ್ನ ಪುರಾವಾ ಮಾಡ್ಕೊಳ್ಳಲೇನು? ನಾ ಅಂದು ಜೀಪಿನ್ಯಾಗ ನನ್ನ ಸಲುವಾಗಿ ಅತ್ತಿಲ್ರಿ. ಒಳಗ ನೀವು ಏನು ಕೇಳ್ಲಾಕತ್ತೀರಿ ಅಂತ ಗೊತ್ತಿತ್ತು. ಫಾರಂ ನಂದೇ ಇತ್ತಲ್ಲ."

ಡೇವಿಡರು ಕಣ್ಣೊರೆಸಿಕೊಂಡರು. ನನಗೆ ಅಳುವ ಮುಖವೂ ಇರಲಿಲ್ಲ.

"ಮಾಫಿ ಬ್ಯಾಡ್ರಿ ಮೇಡಂ, ನನಗ ಪರೀಕ್ಷಾ ಕೊಡ್ರಿ. ಪರೀಕ್ಷಾದಾಗ ನೀವು ಕೂಡಬ್ಯಾಡ್ರಿ" ಎಂದಳು. ತಂದೆ ಅವಳ ಹೆಸರು ಹಿಡಿದು ಗದರಿಸಿದರು. ಬೇಡ, ಅವಳು ಸರಿಯಾಗೇ ಹೇಳಿದಳು ಎಂದೆ. ಫಕ್ರೋದ್ದೀನ ಸರ್ ಓಡಾಡಿ ಮೊನ್ನೆ ಹಾಲ್ ಟಿಕೆಟ್ ಬಿಡಿಸಿದ್ದಾರೆ. ಹದಿನಾರಕ್ಕೆ ಬರೆಯುತ್ತಾಳೆ, ಬೇರೆ ಊರಿನ ಪರೀಕ್ಷಕರು ಬರುತ್ತಾರೆ. ಪ್ರಾಮಾಣಿಕತೆಯ ಸಾಲಿನಲ್ಲಿ ನನ್ನ ಸೊನ್ನೆ ಹೊಡೆದುಹಾಕಿದ್ದಾರೆ. ಅಲ್ಲಿ ಎಷ್ಟು ಹಾಕಬೇಕೆಂದು ನನ್ನನ್ನು ಕೇಳಿದರು. ಅಳೆಯುವ ಯೋಗ್ಯತೆ ನನಗಿಲ್ಲ, ನೀವೇ ಹಾಕಿ ಎಂದೆ.

ಎಕಂಬಾಕ್ಕೂ ಹೋಗಿದ್ದೆ. ಕೇಶರಬಾಯಿ ನನ್ನ ಧ್ವನಿ ಕೇಳಿದ ಕೂಡಲೇ ಸೆರಗು ಎಳೆದುಕೊಂಡರು. ನೆಲದ ಮೇಲೆ ಸ್ವಲ್ಪ ಹೊತ್ತು ಕೂತು, ಸೊಸೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಉಜ್ವಲಾ ಈಗ ಪ್ರತಿ ಗುರುವಾರ ಹೋಗುತ್ತಿದ್ದಾಳಂತೆ, ಅಂಕಕ್ಕಲ್ಲ, ತಾನಾಗಿ. ಅಜ್ಜಿ ಇನ್ನೂ ಮಾತಾಡಿಲ್ಲ. ಆ ಹತ್ತು ವಾರದ ಕೆಲಸವನ್ನು ನಾನು ಅರ್ಧ ತಾಸಿನಲ್ಲಿ ತೊಳೆದುಬಿಟ್ಟೆ. ಹಾಲ್ ಟಿಕೆಟ್ ವಾಪಸು ಕೊಡಿಸಬಹುದು, ಇದನ್ನು ಯಾರಿಂದ ಕೊಡಿಸಲಿ?

ಮರುಪರೀಕ್ಷೆಯ ನಿಯಮದಲ್ಲಿ ಒಂದು ಸಾಲು ಬದಲಿಸಿದ್ದಾರೆ. ಹೋಗುವ ಮೊದಲು ವಿದ್ಯಾರ್ಥಿ ಹೇಳುವುದನ್ನು ಕೇಳಿಸಿಕೊಳ್ಳಬೇಕು. ಸಾಲು ಬರೆದದ್ದು ಫಕ್ರೋದ್ದೀನ ಸರ್, ಕೈ ಎತ್ತಿದವರಲ್ಲಿ ನಾನೂ ಇದ್ದೆ.

ಹಬ್ಬಕ್ಕೆ ನಿನಗೆ ರಜೆ ಸಿಗಲಿ, ಮಂಡಿ ನೆಟ್ಟಗಾಗಲಿ. ಬರುವ ಶಿಶು ನಿನ್ನ ಮನೆಯನ್ನು ಬೆಳಕಿನಿಂದ ತುಂಬಲಿ, ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ. ದೇವರು ನಿನಗೆ ನನಗಿಂತ ಒಳ್ಳೆಯ ಸ್ನೇಹಿತರನ್ನು ಕೊಡಲಿ. ಇದನ್ನು ಬಾಯುಪಚಾರಕ್ಕೆ ಬರೆಯುತ್ತಿಲ್ಲ.

ನಿನ್ನ
ಸುಸನ್ನಾ

ತಾ.ಕ.: ಲಕೋಟೆಗೆ ಹಾಕಿ ಮತ್ತೆ ತೆಗೆದು ಇದನ್ನು ಬರೆಯುತ್ತಿದ್ದೇನೆ. 1999ರ ಮಾರ್ಚಿನಲ್ಲಿ, ಮೈಸೂರಿನಲ್ಲಿ, ನಮ್ಮ ಎರಡನೇ ವರ್ಷ, 'ಗ್ಲೋರಿಯ ದಾಖಲೆ ಸುಳ್ಳು, ಅವಳ ರೋಗಿ ಅಬ್ದುಲ ಖಾದರ ಒಂದು ಮಾತೂ ಆಡಿಲ್ಲ' ಎಂದು ಹೆಸರಿಲ್ಲದ ಚೀಟಿಯೊಂದು ವಿಭಾಗದ ಮುಖ್ಯಸ್ಥರ ಬಾಗಿಲ ಸಂದಿಯಲ್ಲಿ ಬಿದ್ದಿತ್ತಲ್ಲ. ಮರುದಿನ ದೊಡ್ಡವರೆಲ್ಲ ಸುತ್ತ ನಿಂತು ಕೇಳಿದಾಗ ಆ ನಾಲ್ಕು ವರ್ಷದ ಮಗು ಹೆದರಿ ತುಟಿ ಬಿಚ್ಚಲಿಲ್ಲ, ನಿನ್ನ ವರ್ಷ ಹೋಯಿತು, ನಿನ್ನ ಓದೂ ಹೋಯಿತು. ಚೀಟಿ ಬರೆದವಳು ನಿನ್ನ ಹಾಸ್ಟೆಲ್ ಕೋಣೆಯ ಶೈನಿ ಎಂದು ನಂಬಿ ಇಪ್ಪತ್ತೈದು ವರ್ಷ ಅವಳೊಂದಿಗೆ ಮಾತು ಬಿಟ್ಟಿದ್ದೀ. ಅವಳಿಗೆ ಏನೂ ಗೊತ್ತಿಲ್ಲ. ಬರೆದವಳು ನಾನು. ಅನುಮಾನ ಬಂದು ಬರೆದೆ ಎಂದರೆ ನೀನು ಬಹುಶಃ ಕ್ಷಮಿಸುತ್ತೀ, ನನ್ನ ಸ್ವಭಾವ ನಿನಗೆ ಗೊತ್ತು. ಆದರೆ ನನಗೆ ಅನುಮಾನವಿರಲಿಲ್ಲ ಗ್ಲೋರಿ. ಹಿಂದಿನ ಸಂಜೆ ಪಕ್ಕದ ಕೋಣೆಯಲ್ಲಿ ನಾನು ನನ್ನ ರೋಗಿಯ ಮುಂದೆ ಚಿತ್ರ ಹಿಡಿದು ಕೂತಿದ್ದೆ, ಆರು ತಿಂಗಳಾದರೂ ಆ ಮಗು ನನಗೆ ಒಂದು ಮಾತೂ ಕೊಟ್ಟಿರಲಿಲ್ಲ. ಆಗ ಗೋಡೆಯಾಚೆ ನಿನ್ನ ಅಬ್ದುಲ ಖಾದರ "ಅಕ್ಕಾ, ಚೆಂಡು ಕೊಡು" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು.